ಬ್ಯಾಕಪ್ ಲಾಗಿನಲ್ಲಿ ‘ಎಕ್ಸ್‌ಕ್ಲೂಡಿಂಗ್’ ಅಂತ ಇದ್ದರೆ ರಿಸ್ಟೋರ್ ಬಟನ್ ಮುಟ್ಟಬೇಡಿ

ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಕಚೇರಿ. ಮೂಲೆಯ ಟೇಬಲ್ ಕೆಳಗೆ ಒಂದು ಪ್ರಾಕ್ಸ್‌ಮಾಕ್ಸ್ ಮಷಿನ್ (ಒಂದೇ ಕಂಪ್ಯೂಟರಿನಲ್ಲಿ ಹಲವು ಸರ್ವರ್ ಓಡಿಸುವ ವ್ಯವಸ್ಥೆ), ಅದರೊಳಗೆ ನಾಲ್ಕು ಎಲ್‌ಎಕ್ಸ್‌ಸಿ ಕಂಟೇನರ್, ಅಂದರೆ ಬೇರೆಬೇರೆಯಾಗಿ ಓಡುವ ಪುಟ್ಟ ಲಿನಕ್ಸ್ ಸರ್ವರುಗಳು. 101 ನಂಬರಿನದರಲ್ಲಿ ಮಾರಿಯಾಡಿಬಿ ಡೇಟಾಬೇಸ್ ಮತ್ತು ತೂಕದ ಚೀಟಿಯ ಸಾಫ್ಟ್‌ವೇರ್: ಯಾವ ತೋಟದಿಂದ ಎಷ್ಟು ಮೂಟೆ ಪಾರ್ಚ್‌ಮೆಂಟ್, ಎಷ್ಟು ಚೆರ್ರಿ, ತೇವ ಎಷ್ಟು, ಔಟ್‌ಟರ್ನ್ ಎಷ್ಟು, ಯಾರಿಗೆ ಎಷ್ಟು ಮುಂಗಡ. ಪ್ರತಿ ರಾತ್ರಿ ಬ್ಯಾಕಪ್, ಪ್ರತಿ ಬೆಳಿಗ್ಗೆ ‘ಟಾಸ್ಕ್ ಓಕೆ’. ಒಂದು ದಿನ ಅಪ್‌ಗ್ರೇಡ್ ಕೈಕೊಟ್ಟು, ಸಾಫ್ಟ್‌ವೇರ್ ಓಡಿಸುವ ಪಿಎಚ್‌ಪಿ ಏಳಲಿಲ್ಲ. ನಿನ್ನೆಯದು ಇದೆಯಲ್ಲ ಅಂತ ಅದೇ 101ರ ಮೇಲೆ ರಿಸ್ಟೋರ್ ಒತ್ತಿದರು. ಸ್ವಲ್ಪ ಹೊತ್ತಿಗೆ ಕಂಟೇನರ್ ಬಂತು, ಪಿಎಚ್‌ಪಿಯೂ ಬಂತು. ಮಾರಿಯಾಡಿಬಿ ಮಾತ್ರ ಎದ್ದೇಳಲಿಲ್ಲ. ಡೇಟಾಬೇಸ್ ಫೋಲ್ಡರ್ ತೆರೆದರೆ ಒಳಗೆ ‘ಲಾಸ್ಟ್+ಫೌಂಡ್’ ಅನ್ನುವ ಒಂದೇ ಒಂದು ಖಾಲಿ ಡೈರೆಕ್ಟರಿ. ಹೊಸದಾಗಿ ಫಾರ್ಮ್ಯಾಟ್ ಮಾಡಿದ ಇಎಕ್ಸ್‌ಟಿ4 ಡಿಸ್ಕಿನ ಗುರುತು ಅದು.

ಇದು ಸಾಫ್ಟ್‌ವೇರಿನ ದೋಷವಲ್ಲ. ಪ್ರಾಕ್ಸ್‌ಮಾಕ್ಸ್ ತಾನು ಹೇಳಿದ್ದನ್ನೇ ಮಾಡಿದೆ. ಹೇಳಿದ್ದನ್ನು ಯಾರೂ ಓದಿರಲಿಲ್ಲ.

ಕಂಟೇನರಿನ ರೂಟ್‌ಎಫ್‌ಎಸ್, ಅಂದರೆ ಸಿಸ್ಟಮ್ ಇರುವ ಮೂಲ ಡಿಸ್ಕ್, ಬ್ಯಾಕಪ್ಪಿಗೆ ತಾನಾಗಿಯೇ ಸೇರುತ್ತದೆ. ಆಮೇಲೆ ಸೇರಿಸಿದ ಡಿಸ್ಕುಗಳು, ಅಂದರೆ ಎಂಪಿ0, ಎಂಪಿ1 ಅನ್ನುವ ಮೌಂಟ್ ಪಾಯಿಂಟುಗಳು, ಸೇರುವುದಿಲ್ಲ. ಸೇರಬೇಕಾದರೆ ಕಾನ್ಫಿಗ್ ಫೈಲಿನ ಆ ಸಾಲಿನಲ್ಲಿ ‘ಬ್ಯಾಕಪ್=1’ ಇರಬೇಕು, ಇಲ್ಲವೇ ವೆಬ್ ಪರದೆಯಲ್ಲಿ ಡಿಸ್ಕ್ ಸೇರಿಸುವಾಗ ‘ಬ್ಯಾಕಪ್’ ಚೌಕಕ್ಕೆ ಟಿಕ್ ಹಾಕಿರಬೇಕು. ವರ್ಚುವಲ್ ಮಷಿನ್‌ಗಳಲ್ಲಿ ಇದು ತಿರುಗುಮುರುಗು: ಅಲ್ಲಿ ಬೇಡ ಅನ್ನದ ಹೊರತು ಎಲ್ಲ ಡಿಸ್ಕೂ ಸೇರುತ್ತದೆ. ವರ್ಚುವಲ್ ಮಷಿನ್ ಅಭ್ಯಾಸದಿಂದ ಕಂಟೇನರಿಗೆ ಬಂದವರು ಎಡವುವುದು ಇಲ್ಲೇ. ಡೇಟಾಬೇಸಿಗೆ ಬೇರೆ ಡಿಸ್ಕ್ ಕೊಡುವ ಒಳ್ಳೆಯ ಬುದ್ಧಿಯೇ ಆ ಕಚೇರಿಗೆ ಮುಳುವಾಯಿತು.

ಎರಡನೇ ಪೆಟ್ಟು ಇನ್ನೂ ಕೆಟ್ಟದ್ದು. ಇರುವ ನಂಬರಿನ ಮೇಲೆಯೇ ಕಂಟೇನರ್ ರಿಸ್ಟೋರ್ ಮಾಡಿದರೆ ಹಳೆಯ ರೂಟ್ ಡಿಸ್ಕ್ ಮಾತ್ರವಲ್ಲ, ಮೌಂಟ್ ಪಾಯಿಂಟಿನ ವಾಲ್ಯೂಮುಗಳೂ ಅಳಿಸಿಹೋಗುತ್ತವೆ. ಆ ವಾಲ್ಯೂಮ್ ಬ್ಯಾಕಪ್ಪಿನಲ್ಲಿ ಇದೆಯೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಖಚಿತಪಡಿಸುವ ಪೆಟ್ಟಿಗೆಯಲ್ಲಿ ಈಗಿನ ಡೇಟಾ ಶಾಶ್ವತವಾಗಿ ಹೋಗುತ್ತದೆ, ಮೌಂಟ್ ಪಾಯಿಂಟ್ ವಾಲ್ಯೂಮುಗಳೂ ಹೋಗುತ್ತವೆ ಅಂತ ಎರಡು ವಾಕ್ಯ ಇದೆ. ಗಾಬರಿಯಲ್ಲಿರುವವರ ಕಣ್ಣು ‘ಯೆಸ್’ ಗುಂಡಿಯ ಮೇಲೆ ಇರುತ್ತದೆ. ಬ್ಯಾಕಪ್ಪಿನೊಳಗಿನ ಕಾನ್ಫಿಗ್ ನೋಡಿಕೊಂಡು ಅದೇ ಗಾತ್ರದ ಹೊಸ ಎಂಪಿ0 ಸೃಷ್ಟಿಯಾಗುತ್ತದೆ. ಹೆಸರು ಅದೇ, ಗಾತ್ರ ಅದೇ, ಒಳಗೆ ಏನೂ ಇಲ್ಲ. ಎಲ್‌ವಿಎಂ ಥಿನ್ ಪೂಲಿನಿಂದ, ಅಂದರೆ ಈ ಡಿಸ್ಕುಗಳೆಲ್ಲ ಜಾಗ ಹಂಚಿಕೊಳ್ಳುವ ಸಂಗ್ರಹದಿಂದ, ಹೋದ ವಾಲ್ಯೂಮನ್ನು ವಾಪಸು ತರುವ ಸುಲಭ ದಾರಿ ಇಲ್ಲ. ಹಾಗೆ ಆಗಿದ್ದು ಗೊತ್ತಾದ ಕ್ಷಣವೇ ಆ ಪೂಲಿಗೆ ಏನೂ ಬರೆಯದಂತೆ ಮಷಿನ್ ಆಫ್ ಮಾಡುವುದೊಂದೇ ಉಳಿದ ಬುದ್ಧಿವಂತಿಕೆ.

ಇದೇ ಕಾರಣಕ್ಕೆ ಬ್ಯಾಕಪ್ ಫೈಲ್ ಹಾಳಾಗಿದ್ದರೂ ಕಷ್ಟ. ಹಳೆಯ ವಾಲ್ಯೂಮ್ ಅಳಿಸಿದ ಮೇಲೆ ಆರ್ಕೈವ್ ಬಿಚ್ಚುವ ಕೆಲಸ ಶುರುವಾಗುತ್ತದೆ. ನಡುವೆ ಅದು ನಿಂತರೆ ಹಳೆಯದೂ ಇಲ್ಲ, ಹೊಸದೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ನಿನ್ನೆ ರಾತ್ರಿಯ ಬ್ಯಾಕಪ್ ಲಾಗ್ ತೆರೆಯಿರಿ. ರೂಟ್‌ಎಫ್‌ಎಸ್ ಎದುರು ‘ಇನ್‌ಕ್ಲೂಡಿಂಗ್’ ಅಂತ ಇರುತ್ತದೆ. ಎಂಪಿ0 ಎದುರು ‘ಎಕ್ಸ್‌ಕ್ಲೂಡಿಂಗ್’, ಕೊನೆಗೆ ‘ಡಿಸೇಬಲ್ಡ್’ ಅಂತ ಇದ್ದರೆ ಟಿಕ್ ಹಾಕಿಲ್ಲ ಅಂತ ಅರ್ಥ. ‘ನಾಟ್ ಎ ವಾಲ್ಯೂಮ್’ ಅಂತ ಇದ್ದರೆ ಅದು ಬೈಂಡ್ ಮೌಂಟ್, ಅಂದರೆ ಹೋಸ್ಟಿನ (ಪ್ರಾಕ್ಸ್‌ಮಾಕ್ಸ್ ಮಷಿನ್ನಿನ) ಫೋಲ್ಡರನ್ನೇ ಒಳಗೆ ತೋರಿಸಿದ್ದು. ಅದಕ್ಕೆ ಎಷ್ಟು ಟಿಕ್ ಹಾಕಿದರೂ ಪ್ರಾಕ್ಸ್‌ಮಾಕ್ಸಿನ ಬ್ಯಾಕಪ್ ಸಾಧನ ವಿಜಡ್‌ಡಂಪ್ ತೆಗೆದುಕೊಳ್ಳುವುದಿಲ್ಲ. ಸ್ಕ್ಯಾನ್ ಮಾಡಿದ ಬಿಲ್ಲು, ಪಹಣಿ ನಕಲು ಇಂಥವನ್ನು ಜನ ಇಡುವುದು ಹೆಚ್ಚಾಗಿ ಅಲ್ಲೇ. ಅದನ್ನು ಹೋಸ್ಟಿನಿಂದ ಪ್ರತ್ಯೇಕವಾಗಿ ಆರ್‌ಸಿಂಕ್ (ಫೈಲ್ ನಕಲಿಸುವ ಆಜ್ಞೆ) ಮಾಡಬೇಕು, ‘ನ್ಯೂಮೆರಿಕ್ ಐಡಿಸ್’ ಆಯ್ಕೆಯೊಂದಿಗೆ. ಅನ್‌ಪ್ರಿವಿಲೆಜ್ಡ್ ಕಂಟೇನರಿನಲ್ಲಿ, ಅಂದರೆ ಒಳಗಿನ ರೂಟ್ ಯೂಸರಿಗೆ ಹೋಸ್ಟಿನ ಮೇಲೆ ಅಧಿಕಾರ ಇಲ್ಲದ್ದರಲ್ಲಿ, ಹೋಸ್ಟಿನ ಕಡೆಯಿಂದ ಯೂಸರ್ ನಂಬರಿಗೆ 1,00,000 ಕೂಡುತ್ತದೆ. ಒಳಗಿನ 33 ಹೊರಗೆ 1,00,033. ಈ ನಂಬರ್ ತಪ್ಪಿದರೆ ಫೈಲೆಲ್ಲ ಇದ್ದೂ ವೆಬ್ ಸರ್ವರಿಗೆ ಓದಲು ಆಗುವುದಿಲ್ಲ.

ಗಾತ್ರವೂ ಸುಳಿವು ಕೊಡುತ್ತದೆ. ಡೇಟಾಬೇಸೇ 30 ಜಿಬಿ ಇರುವಾಗ ರಾತ್ರಿಯ ಆರ್ಕೈವ್ 900 ಎಂಬಿ ಇದ್ದರೆ ಸಂಶಯ ಬರಲೇಬೇಕು. ಎಷ್ಟೇ ಕಂಪ್ರೆಸ್ ಆದರೂ ಅಷ್ಟು ಕರಗುವುದಿಲ್ಲ.

ರಿಸ್ಟೋರ್ ಮಾಡುವುದೇ ಆದರೆ ಹೊಸ ನಂಬರಿಗೆ, ಉದಾಹರಣೆಗೆ 901ಕ್ಕೆ. ಕಂಟೇನರ್ ನಿಭಾಯಿಸುವ ‘ಪಿಸಿಟಿ ರಿಸ್ಟೋರ್’ ಆಜ್ಞೆಗೆ 901, ಆರ್ಕೈವ್ ಫೈಲಿನ ದಾರಿ, ಸ್ಟೋರೇಜ್ ಹೆಸರು, ಜೊತೆಗೆ ‘ಯೂನಿಕ್ 1’ ಕೊಡಿ. ಇಲ್ಲದಿದ್ದರೆ ಒಂದೇ ಮ್ಯಾಕ್ ವಿಳಾಸದ ಎರಡು ಕಂಟೇನರ್ ಆಗುತ್ತವೆ. ‘ಫೋರ್ಸ್’ ಅನ್ನುವ ಪದವನ್ನು ಬಳಸಲೇಬೇಡಿ. ಸ್ಟಾರ್ಟ್ ಮಾಡುವ ಮುಂಚೆ ನೆಟ್0 (ನೆಟ್‌ವರ್ಕ್ ಜೋಡಣೆ) ತೆಗೆಯಿರಿ, ತಾನಾಗಿ ಏಳದಂತೆ ‘ಆನ್‌ಬೂಟ್’ ಸೊನ್ನೆ ಮಾಡಿ. ಹಳೆಯದು ಮತ್ತು ಹೊಸದು ಒಂದೇ ಐಪಿಯಲ್ಲಿ ಎದ್ದರೆ ತೂಕದ ಕೋಣೆಯ ಕಂಪ್ಯೂಟರ್ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಬರೆಯುತ್ತದೆ. ಆಮೇಲೆ ಅದನ್ನು ಬಿಡಿಸುವುದು ರಿಸ್ಟೋರ್‌ಗಿಂತ ದೊಡ್ಡ ಕೆಲಸ. ಸ್ಟಾರ್ಟ್ ಮಾಡದೆಯೂ ಒಳಗೆ ನೋಡಬಹುದು: ‘ಪಿಸಿಟಿ ಮೌಂಟ್ 901’ ಅಂದರೆ ಹೋಸ್ಟಿನಲ್ಲೇ ಆ ಫೈಲುಗಳು ಕಾಣುತ್ತವೆ. ನೋಡಿದ ಮೇಲೆ ‘ಪಿಸಿಟಿ ಅನ್‌ಮೌಂಟ್ 901’ ಮರೆಯಬೇಡಿ. ಡೇಟಾಬೇಸ್ ಎಬ್ಬಿಸಿ ಕೊನೆಯ ತೂಕದ ಚೀಟಿಯ ನಂಬರ್ ಓದಿ, ಪುಸ್ತಕದ ಕಾರ್ಬನ್ ಪ್ರತಿಯ ಜೊತೆ ಹೋಲಿಸಿ. ಅದು ತಾಳೆಯಾದ ಮೇಲೆಯೇ 101ನ್ನು ನಿಲ್ಲಿಸುವ ಮಾತು. ಅದನ್ನು ಅಳಿಸಲು ಒಂದು ವಾರ ಕಾದರೆ ನಷ್ಟವೇನಿಲ್ಲ.

ಇಷ್ಟೆಲ್ಲ ಮಾಡುವ ಮುಂಚೆ ‘ಎಲ್‌ವಿಎಸ್’ ಆಜ್ಞೆಯಲ್ಲಿ ಥಿನ್ ಪೂಲ್ ಎಷ್ಟು ಶೇಕಡಾ ತುಂಬಿದೆ ನೋಡಿ. ಅದೇ ಪೂಲಿಗೆ ಇನ್ನೊಂದು 40 ಜಿಬಿ ಸುರಿದು 100 ಮುಟ್ಟಿಸಿದರೆ ಚೆನ್ನಾಗಿದ್ದ ಉಳಿದ ಮೂರು ಕಂಟೇನರುಗಳಿಗೂ ಬರೆಯುವಾಗ ಎರರ್ ಶುರುವಾಗುತ್ತದೆ.

ಸ್ನ್ಯಾಪ್‌ಶಾಟ್ ಮೋಡಿನ, ಅಂದರೆ ಡಿಸ್ಕಿನ ಆ ಕ್ಷಣದ ಸ್ಥಿತಿ ಹಿಡಿದು ಬ್ಯಾಕಪ್ ಮಾಡುವುದರ, ಬಗ್ಗೆ ಒಂದು ಮಾತು. ಝಡ್‌ಎಫ್‌ಎಸ್, ಎಲ್‌ವಿಎಂ ಥಿನ್ ಥರದ ಸ್ಟೋರೇಜ್ ಇದ್ದರೆ ಕಂಟೇನರನ್ನು ಕ್ಷಣ ಹೊತ್ತು ನಿಲ್ಲಿಸಿ ಸ್ನ್ಯಾಪ್‌ಶಾಟ್ ತೆಗೆದು ಅದರಿಂದ ಟಾರ್ (ಎಲ್ಲ ಸೇರಿಸಿ ಕಟ್ಟಿದ ಆರ್ಕೈವ್ ಫೈಲ್) ಮಾಡುತ್ತದೆ. ಬರೀ ಡೈರೆಕ್ಟರಿ ಸ್ಟೋರೇಜ್ ಆದರೆ ಆಗುವುದಿಲ್ಲ, ತಾನೇ ‘ಸಸ್ಪೆಂಡ್’ಗೆ ಇಳಿಯುತ್ತದೆ: ಎರಡು ಸಲ ಆರ್‌ಸಿಂಕ್, ಎರಡನೆಯ ಸಲ ಕಂಟೇನರ್ ಸ್ತಬ್ಧ. ಇದಕ್ಕೆ ತಾತ್ಕಾಲಿಕ ಜಾಗ ಬೇಕು. ಆ ಜಾಗ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿದ) ಶೇರಿನಲ್ಲಿದ್ದರೆ ಅನ್‌ಪ್ರಿವಿಲೆಜ್ಡ್ ಕಂಟೇನರಿಗೆ ‘ಪರ್ಮಿಷನ್ ಡಿನೈಡ್’ ಬರುವುದು ಹೊಸತಲ್ಲ. ವಿಜಡ್‌ಡಂಪ್ ಕಾನ್ಫ್ ಫೈಲಿನಲ್ಲಿ ‘ಟಿಎಂಪಿಡಿಐಆರ್’ ಲೋಕಲ್ ಡಿಸ್ಕಿಗೆ ತಿರುಗಿಸಿದರೆ ಸರಿ. ಸ್ನ್ಯಾಪ್‌ಶಾಟ್ ಇದ್ದರೂ ಡೇಟಾಬೇಸಿನ ಮಟ್ಟಿಗೆ ಅದು ಕರೆಂಟ್ ಹೋದಾಗ ಸಿಕ್ಕ ಸ್ಥಿತಿಗೆ ಸಮ. ಇನ್ನೋಡಿಬಿ ಮಾದರಿಯ ಟೇಬಲ್ ಸುಧಾರಿಸಿಕೊಳ್ಳುತ್ತದೆ, ಹಳೆಯ ಮೈಐಸ್ಯಾಮ್ ಟೇಬಲ್ ನಂಬುವ ಹಾಗಿಲ್ಲ. ಬ್ಯಾಕಪ್ಪಿಗೆ ಅರ್ಧ ಗಂಟೆ ಮುಂಚೆ, ಡೇಟಾಬೇಸನ್ನು ಒಂದು ಫೈಲಿಗೆ ಬರೆಯುವ ಮೈಎಸ್‌ಕ್ಯೂಎಲ್‌ಡಂಪನ್ನು ‘ಸಿಂಗಲ್ ಟ್ರಾನ್ಸ್ಯಾಕ್ಷನ್’ ಆಯ್ಕೆಯಲ್ಲಿ ಓಡಿಸಿ, ಫೈಲನ್ನು ರೂಟ್‌ಎಫ್‌ಎಸ್ ಒಳಗೇ ಇಡಿ. ಆ ಕಚೇರಿಯಲ್ಲಿ ಇದೊಂದು ಇದ್ದಿದ್ದರೂ ಸಾಕಿತ್ತು. ಆದರೆ /ಟಿಎಂಪಿ ಒಳಗೆ ಮಾತ್ರ ಇಡಬೇಡಿ, ವಿಜಡ್‌ಡಂಪ್ ಆ ಫೋಲ್ಡರನ್ನು ಬಿಟ್ಟೇ ಬ್ಯಾಕಪ್ ಮಾಡುತ್ತದೆ.

ಇನ್ನು ಮಲೆನಾಡಿನ ಮಳೆ. ಸಕಲೇಶಪುರ, ಮೂಡಿಗೆರೆ ಕಡೆ ಜುಲೈ ತಿಂಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಯಾರೂ ಹೇಳಲಾರರು. ಬ್ಯಾಕಪ್ ನಡುವೆ ಮಷಿನ್ ಸತ್ತರೆ ಕಂಟೇನರಿಗೆ ‘ಬ್ಯಾಕಪ್’ ಲಾಕ್ ಮತ್ತು ‘ವಿಜಡ್‌ಡಂಪ್’ ಹೆಸರಿನ ಸ್ನ್ಯಾಪ್‌ಶಾಟ್ ಹಾಗೇ ಉಳಿಯುತ್ತವೆ. ಮರುದಿನದಿಂದ ಪ್ರತಿ ರಾತ್ರಿ ಬ್ಯಾಕಪ್ ಫೇಲ್. ‘ಪಿಸಿಟಿ ಅನ್‌ಲಾಕ್ 101’, ಆಮೇಲೆ ‘ಪಿಸಿಟಿ ಡೆಲ್‌ಸ್ನ್ಯಾಪ್‌ಶಾಟ್ 101 ವಿಜಡ್‌ಡಂಪ್’ ಕೊಟ್ಟರೆ ಸರಿಹೋಗುತ್ತದೆ, ಆದರೆ ಫೇಲ್ ಆಗಿದ್ದು ಯಾರಿಗಾದರೂ ತಿಳಿದಿರಬೇಕಲ್ಲ. ಇನ್ನೊಂದು ರೀತಿಯದು ಮೇಲ್ ಕೂಡ ಕಳಿಸುವುದಿಲ್ಲ: ಸಂಜೆ ಯುಪಿಎಸ್ ಸಮೇತ ಎಲ್ಲ ಆಫ್ ಮಾಡಿ ಹೋಗುವ ಕಚೇರಿಗಳಲ್ಲಿ ರಾತ್ರಿ 2ರ ಜಾಬ್ ಓಡುವುದೇ ಇಲ್ಲ. ಓಡದ್ದು ಫೇಲ್ ಆಗುವುದು ಹೇಗೆ? ತಪ್ಪಿದ ಜಾಬನ್ನು ಮಷಿನ್ ಎದ್ದ ಮೇಲೆ ಓಡಿಸುವ ‘ರಿಪೀಟ್ ಮಿಸ್ಡ್’ ಅನ್ನುವ ಟಿಕ್ ಜಾಬಿನಲ್ಲಿ ಇದೆ, ಅದು ತಾನಾಗಿ ಬಿದ್ದಿರುವುದಿಲ್ಲ, ನೀವೇ ಹಾಕಬೇಕು. ಇಲ್ಲವೇ ಮಧ್ಯಾಹ್ನ ಊಟದ ಹೊತ್ತಿಗೆ ಜಾಬ್ ಇಡಿ.

ಯುಎಸ್‌ಬಿ ಡಿಸ್ಕಿಗೆ ಬ್ಯಾಕಪ್ ಮಾಡುವವರು ಆ ಸ್ಟೋರೇಜಿಗೆ ‘ಈಸ್_ಮೌಂಟ್‌ಪಾಯಿಂಟ್’ ಹಾಕಲೇಬೇಕು. ಕೇಬಲ್ ಸಡಿಲವಾಗಿ ಡಿಸ್ಕ್ ಮೌಂಟ್ ಆಗದಿದ್ದರೆ ಬ್ಯಾಕಪ್ ಅದೇ ಹೆಸರಿನ ಖಾಲಿ ಫೋಲ್ಡರಿಗೆ, ಅಂದರೆ ಹೋಸ್ಟಿನ ರೂಟ್ ಡಿಸ್ಕಿಗೇ ಬೀಳುತ್ತದೆ. ಆಗಲೂ ‘ಓಕೆ’.

ಊರಿನ ಆಚೆಗೆ ಒಂದು ಪ್ರತಿ ಬೇಕು ಅನ್ನುವುದು ಎಲ್ಲರಿಗೂ ಗೊತ್ತು, ಲೆಕ್ಕ ಹಾಕುವವರು ಕಡಿಮೆ. 10 ಎಂಬಿಪಿಎಸ್ ಅಪ್‌ಲೋಡಿನಲ್ಲಿ 40 ಜಿಬಿ ಫೈಲ್ ಹೋಗಲು ಸುಮಾರು 9 ಗಂಟೆ. ನಡುವೆ ಲೈನ್ ಬಿದ್ದರೆ ಮೊದಲಿಂದ. ಪ್ರಾಕ್ಸ್‌ಮಾಕ್ಸ್ ಬ್ಯಾಕಪ್ ಸರ್ವರ್ ಬದಲಾದ ತುಂಡುಗಳನ್ನಷ್ಟೇ ಕಳಿಸುವುದರಿಂದ ಹಾಸನದ ಶಾಖೆಯಲ್ಲಿ ಹಳೆಯದೊಂದು ಪಿಸಿ ಇಟ್ಟರೂ ಮೊದಲ ಸಲದ ನಂತರ ನಡೆಯುತ್ತದೆ. ಅಲ್ಲಿ ಎನ್‌ಕ್ರಿಪ್ಷನ್ ಹಾಕಿದರೆ ಕೀ ಫೈಲ್ ಇರುವುದು ಚಿಕ್ಕಮಗಳೂರಿನ ಮಷಿನ್ನಿನ /ಇಟಿಸಿ/ಪಿವಿಇ ಒಳಗೆ. ಆ ಮಷಿನ್ ಸುಟ್ಟ ದಿನ ಹಾಸನದ ಬ್ಯಾಕಪ್ ತೆರೆಯಲು ಬೇಕಾದ ಕೀ ಸುಟ್ಟ ಮಷಿನ್ನಿನಲ್ಲೇ ಇರುತ್ತದೆ, ಮತ್ತು ವಿಜಡ್‌ಡಂಪ್ ಹೋಸ್ಟಿನ ಆ ಫೋಲ್ಡರನ್ನು ಯಾವತ್ತೂ ಬ್ಯಾಕಪ್ ಮಾಡಿರುವುದಿಲ್ಲ. ಬ್ಯಾಕಪ್ ಸರ್ವರಿನ ಕ್ಲೈಂಟ್ ಸಾಫ್ಟ್‌ವೇರಿನಲ್ಲಿ, ಕೀಯನ್ನು ಕಾಗದಕ್ಕೆ ಇಳಿಸುವ ‘ಪೇಪರ್‌ಕೀ’ ಅಂತ ಆಯ್ಕೆ ಇದೆ. ಅದರಲ್ಲಿ ಪ್ರಿಂಟ್ ತೆಗೆದು ಸರ್ವರ್ ಇಲ್ಲದ ಕಟ್ಟಡದ ಬೀರುವಿನಲ್ಲಿ ಇಡಿ.