ಗುರುತು ಹಾಕದೆ ಶಾಫ್ಟ್ ಬಿಚ್ಚಿದ ಲಾರಿಗೆ ಆದದ್ದು

ಸಿರುಗುಪ್ಪ ಕಡೆ ಭತ್ತ ಹೊರುವ ಎರಡು ಆಕ್ಸಲ್‌ನ ಲಾರಿ ಒಂದು. ಮೊದಲು ಸಂಡೂರಿನ ಅದಿರು ಹೊತ್ತು, ಆಮೇಲೆ ಸೆಕೆಂಡ್ ಹ್ಯಾಂಡ್ ಆಗಿ ಕೈ ಬದಲಾಯಿಸಿದ್ದು. ಖಾಲಿ ಹೋಗುವಾಗ 40ರ ಆಸುಪಾಸಿನಲ್ಲಿ ಸೀಟಿನ ಕೆಳಗೆ ಜುಮ್ಮೆಂದು ನಡುಗುತ್ತಿತ್ತು. ಮನೆ ಹಿಂದಿನ ಶೆಡ್ಡಿನಲ್ಲೇ ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ತಿರುಗುವಿಕೆ ಒಯ್ಯುವ ಉದ್ದ ಕೊಳವೆ) ಇಳಿಸಿ ಕ್ರಾಸ್ (ಶಾಫ್ಟ್ ಕೋನದಲ್ಲೂ ತಿರುಗುವಂತೆ ಮಾಡುವ ಕೂಡಿನ ಅಡ್ಡಗಟ್ಟಿ) ಬದಲಿಸಿದರು, ನಡುಕ ಇಮ್ಮಡಿಯಾಯಿತು. ಎರಡು ತುಂಡಿನ ಶಾಫ್ಟನ್ನು ನಡುವೆ ಹಿಡಿದುಕೊಳ್ಳುವ ಸೆಂಟರ್ ಬೇರಿಂಗ್ ಹಾಕಿದರು. ಎರಡು ತಿಂಗಳಿಗೆ ಅದರ ರಬ್ಬರ್ ಹರಿಯಿತು. ಇನ್ನೊಂದು ಹಾಕಿದರು. ಆಮೇಲೆ ಗೇರ್ ಬಾಕ್ಸ್ ಹಿಂದಿನ ಆಯಿಲ್ ಸೀಲ್ ಸೋರತೊಡಗಿತು, ಕೊನೆಗೆ ಆ ಸೀಲ್ ಕೂರುವ ಹಿಂದಿನ ಕವರ್ರೇ ಬಿರುಕು ಬಿಟ್ಟಿತು. ಮೂಲ ದೋಷ ಇದ್ದದ್ದು ಈ ಬದಲಿಸಿದ ಒಂದು ಸಾಮಾನಿನಲ್ಲೂ ಅಲ್ಲ.

ಮೂಲದಲ್ಲಿ ಇದ್ದದ್ದು ಎರಡು. ಒಂದು, ಶಾಫ್ಟಿನ ಕೊಳವೆಗೆ ಮೆತ್ತಿ ಒಣಗಿದ ಎರೆ ಮಣ್ಣು. ಗದ್ದೆ ಬದುವಿನ ತನಕ ಗಾಡಿ ಇಳಿಸುವವರಿಗೆ ಇದು ಗೊತ್ತಿರುವ ಮಣ್ಣೇ, ಒಣಗಿದರೆ ಸಿಮೆಂಟಿನ ಹಾಗೆ ಹಿಡಿಯುತ್ತದೆ. ಎರಡು, ಅದಿರಿನ ಕಾಲದಲ್ಲಿ ಹಿಂದಿನ ಕಮಾನಿಗೆ (ಪಟ್ಟಿ ಸ್ಪ್ರಿಂಗಿಗೆ) ಸೇರಿಸಿದ್ದ ಹೆಚ್ಚುವರಿ ಪಟ್ಟಿಗಳು. ಮೂರನೆಯದನ್ನು ಶೆಡ್ಡಿನಲ್ಲಿ ತಾವೇ ಸೇರಿಸಿದರು: ಗುರುತು ಹಾಕದೆ ಶಾಫ್ಟ್ ಬಿಚ್ಚಿ, ಸ್ಲಿಪ್ ಜಾಯಿಂಟನ್ನು (ಶಾಫ್ಟಿನ ಉದ್ದ ಹೆಚ್ಚುಕಡಿಮೆಯಾಗಲು ಜಾರುವ ಹಲ್ಲಿನ ಕೂಡು) ಒಂದು ಹಲ್ಲು ಆಚೀಚೆ ಕೂರಿಸಿದರು.

ಮೂರನೆಯದರಿಂದಲೇ ಶುರು ಮಾಡೋಣ, ಹೆಚ್ಚು ಗಾಡಿ ಹಾಳಾಗುವುದು ಇದರಿಂದ. ಕ್ರಾಸ್ ಒಂದು ಕೋನದಲ್ಲಿ ತಿರುಗುವಾಗ ಆಚೆ ಕಡೆಯ ವೇಗ ಒಂದೇ ಸಮ ಇರುವುದಿಲ್ಲ. ಪ್ರತಿ ಸುತ್ತಿಗೆ ಎರಡು ಸಲ ಹೆಚ್ಚಾಗಿ ಎರಡು ಸಲ ಕಡಿಮೆಯಾಗುತ್ತದೆ. 6 ಡಿಗ್ರಿ ಕೋನ, 1,500 ಆರ್‌ಪಿಎಂ ಇದ್ದರೆ 1,492ಕ್ಕೂ 1,508ಕ್ಕೂ ನಡುವೆ ತೂಗಾಡುತ್ತದೆ. 10 ಡಿಗ್ರಿಗೆ ಹೋದರೆ 1,477ರಿಂದ 1,523. ಕೋನ ಎರಡರಷ್ಟಾದರೆ ತೂಗಾಟ ನಾಲ್ಕರಷ್ಟು. ಶಾಫ್ಟಿನ ಎರಡು ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವೆಗಳಾದ ಯೋಕ್‌ಗಳು ಒಂದೇ ನೇರದಲ್ಲಿದ್ದು, ಎರಡೂ ಕೋನ ಸಮ ಇದ್ದರೆ ಒಂದು ಕ್ರಾಸಿನ ಏರಿಳಿತವನ್ನು ಇನ್ನೊಂದು ತಿಂದುಹಾಕುತ್ತದೆ. ಅದಕ್ಕೇ ಎರಡು ಕ್ರಾಸ್. ಸ್ಲಿಪ್ ಜಾಯಿಂಟಿನ 16 ಹಲ್ಲಿನ ಸ್ಪ್ಲೈನ್‌ನಲ್ಲಿ ಒಂದು ಹಲ್ಲು ತಪ್ಪಿದರೆ 22.5 ಡಿಗ್ರಿ ತಿರುಚಿದಂತೆ. ‘ಒಂದೇ ಹಲ್ಲಲ್ಲವೇ’ ಅನ್ನಬೇಡಿ: ಅಷ್ಟಕ್ಕೇ ಒಂಟಿ ಕ್ರಾಸಿನ ಏರಿಳಿತದ ಮುಕ್ಕಾಲು ಪಾಲು ಉಳಿದುಬಿಡುತ್ತದೆ. 90 ಡಿಗ್ರಿ ತಪ್ಪಿದರೆ ಎರಡೂ ಕೂಡಿಕೊಂಡು ಇಮ್ಮಡಿ. ಈ ಪೆಟ್ಟನ್ನು ತಿನ್ನುವುದು ಸೆಂಟರ್ ಬೇರಿಂಗಿನ ರಬ್ಬರ್, ಗೇರ್ ಬಾಕ್ಸಿನ ಹಿಂಬದಿ ಬೇರಿಂಗ್, ಪಿನಿಯನ್ (ಹಿಂದಿನ ಆಕ್ಸಲ್ಲಿನಲ್ಲಿ ಶಾಫ್ಟ್ ತಿರುಗಿಸುವ ಸಣ್ಣ ಗೇರ್) ಬೇರಿಂಗ್. ಆ ಲಾರಿಯಲ್ಲಿ ಸೆಂಟರ್ ಬೇರಿಂಗ್ ಸತ್ತದ್ದು ಹೀಗೆ. ರೋಗಕ್ಕೆ ಅದು ಕಾರಣ ಆಗಿರಲಿಲ್ಲ, ರೋಗದ ಪೆಟ್ಟು ತಿಂದದ್ದು ಅದು.

ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು, ಲೋಹಕ್ಕೆ ಚುಕ್ಕೆ ಹೊಡೆಯುವ ಸೆಂಟರ್ ಪಂಚು ಹಿಡಿಯಿರಿ. ಚಾಕ್‌ಪೀಸ್ ಗುರುತು ಡೀಸೆಲ್ಲಿನಲ್ಲಿ ತೊಳೆದ ಕೂಡಲೇ ಹೋಗುತ್ತದೆ, ಪೇಂಟ್ ಕೂಡ ನಂಬಬೇಡಿ. ಗೇರ್ ಬಾಕ್ಸಿನ ಫ್ಲ್ಯಾಂಜಿಗೂ (ಬೋಲ್ಟ್ ಬಿಗಿಯುವ ತಟ್ಟೆ) ಶಾಫ್ಟಿನ ಫ್ಲ್ಯಾಂಜಿಗೂ ಎದುರುಬದುರು ಒಂದೊಂದು ಚುಕ್ಕೆ. ಸ್ಲಿಪ್ ಜಾಯಿಂಟಿನ ಎರಡೂ ತುಂಡಿಗೆ ಎರಡೆರಡು. ಪಿನಿಯನ್ ಫ್ಲ್ಯಾಂಜಿಗೆ ಮೂರು ಮೂರು. ಹಾಗೆ ಎಣಿಕೆ ಬೇರೆ ಇದ್ದರೆ ಅದಲುಬದಲು ಆಗುವುದಿಲ್ಲ. ಸ್ಲಿಪ್ ಜಾಯಿಂಟಿನ ಮೇಲೆ ಕಂಪನಿಯ ಬಾಣದ ಗುರುತು ಇರಬಹುದು, ಕೆಂಪು ಧೂಳು ಕೆರೆದು ನೋಡಿ. ಆದರೆ ಮೊದಲೇ ಯಾರೋ ತಪ್ಪಾಗಿ ಕೂರಿಸಿದ್ದರೆ ನಿಮ್ಮ ಗುರುತು ಆ ತಪ್ಪನ್ನೇ ಕಾಪಾಡುತ್ತದೆ. ಬಿಚ್ಚುವ ಮುನ್ನ ಶಾಫ್ಟಿನ ಉದ್ದಕ್ಕೆ ಕಣ್ಣು ಹಾಯಿಸಿ, ಹಿಂದಿನ ತುಂಡಿನ ಎರಡು ಯೋಕ್‌ಗಳ ಕಿವಿ ಒಂದೇ ನೇರದಲ್ಲಿವೆಯೇ ಎಂದು ನೋಡಲೇಬೇಕು.

ಇನ್ನೊಂದು ಜೀವದ ಮಾತು. ಶಾಫ್ಟ್ ಕೈಗೆ ಬಂದ ಕ್ಷಣದಿಂದ ಗಾಡಿ ಗೇರಿನಲ್ಲಿದ್ದರೂ ನಿಲ್ಲುವುದಿಲ್ಲ, ಇಂಜಿನ್ನಿಗೂ ಗಾಲಿಗೂ ಸಂಬಂಧವೇ ಇಲ್ಲ. ಶೆಡ್ಡಿನ ನೆಲ ಒಂದಿಷ್ಟು ಇಳಿಜಾರು ಇದ್ದರೂ ಗಾಲಿಗಳ ಹಿಂದೆ ಮುಂದೆ ಕಲ್ಲು ಕೊಟ್ಟೇ ಕೆಳಗೆ ಇಳಿಯಿರಿ. ಸೆಂಟರ್ ಬೇರಿಂಗಿನ ಬೋಲ್ಟ್ ಸಡಿಲಿಸುವ ಮೊದಲು ಶಾಫ್ಟಿಗೆ ಹಗ್ಗವೋ ಮರದ ದಿಮ್ಮಿಯೋ ಆಸರೆ ಇರಲಿ.

ಈಗ ಪತ್ತೆ ಮಾಡುವ ಬಗೆ. ಇದಕ್ಕೆ ಒಂದು ಬೋಲ್ಟನ್ನೂ ಬಿಚ್ಚಬೇಕಿಲ್ಲ, ಆದರೂ ಯಾರೂ ಮಾಡುವುದಿಲ್ಲ. ಗಂಟೆಗೆ 40 ಕಿ.ಮೀ. ಅಂದರೆ ನಿಮಿಷಕ್ಕೆ 667 ಮೀಟರ್. 10.00-20 ಟೈರ್ ಒಂದು ಸುತ್ತಿಗೆ ಸುಮಾರು 3.2 ಮೀಟರ್ ಓಡುತ್ತದೆ, ಹಾಗಾದರೆ ಗಾಲಿ ನಿಮಿಷಕ್ಕೆ 208 ಸುತ್ತು. ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನ ದೊಡ್ಡ ಗೇರ್, ಸಣ್ಣ ಗೇರಿನ ಹಲ್ಲುಗಳ ಲೆಕ್ಕ) 41:6 ಇದ್ದರೆ ಶಾಫ್ಟ್ 1,420 ಸುತ್ತು. ಸೆಕೆಂಡಿನ ಲೆಕ್ಕದಲ್ಲಿ ಗಾಲಿ ಮೂರೂವರೆ, ಶಾಫ್ಟ್ 24, ಶಾಫ್ಟಿನ ಎರಡರಷ್ಟು 47. ಗಾಲಿಯ ದೋಷವನ್ನು ಬೆರಳಿನಲ್ಲಿ ಎಣಿಸಬಹುದು, ಸ್ಟೇರಿಂಗ್ ಅಲುಗುತ್ತದೆ, ಕ್ಯಾಬಿನ್ ತೂಗುತ್ತದೆ. 24ರದ್ದು ಅಂಗಾಲಿಗೂ ಸೀಟಿಗೂ ತಾಗುವ ನಡುಕ: ಶಾಫ್ಟಿನ ತೂಕದ ಸಮತೋಲ ಕೆಟ್ಟಿದೆ, ಇಲ್ಲವೇ ಕೊಳವೆ ಬಾಗಿದೆ. 47ರದ್ದು ಕಿವಿಗೆ ಗುಂಯ್ ಎನ್ನುತ್ತದೆ: ಕೋನ ತಪ್ಪಿದೆ, ಇಲ್ಲವೇ ಯೋಕ್ ನೇರ ತಪ್ಪಿದೆ. ಮೊಬೈಲಿನಲ್ಲಿ ಕಂಪನ ಅಳೆಯುವ ಆ್ಯಪ್ ಇದ್ದರೆ ಸೀಟಿನ ಬುಡದಲ್ಲಿಟ್ಟು ಅಂಕಿ ನೋಡಿ, ಊಹೆ ಬೇಡ. ನಿಮ್ಮ ಗಾಡಿಯ ಟೈರ್, ಕ್ರೌನ್ ಪಿನಿಯನ್ ಬೇರೆ ಇದ್ದರೆ ಲೆಕ್ಕ ಬೇರೆ, ಅದನ್ನು ಮೊದಲು ಕೂಡಿಸಿಟ್ಟುಕೊಳ್ಳಿ.

ಅದೇ 40ರಲ್ಲಿ ಒಂದು ಗೇರ್ ಕೆಳಗೆ ಹಾಕಿ ಓಡಿಸಿ. ಇಂಜಿನ್ ವೇಗ ಬದಲಾದರೂ ನಡುಕ ಹಾಗೇ ಇದ್ದರೆ ಅದು ಗೇರ್ ಬಾಕ್ಸಿನ ಹಿಂದಿನದು. ಬದಲಾದರೆ ಕ್ಲಚ್ಚು, ಇಂಜಿನ್ ಮೌಂಟ್ ಕಡೆ ನೋಡಿ. ಸಮತಟ್ಟು ರಸ್ತೆಯಲ್ಲಿ ಒಂದು ಕ್ಷಣ ನ್ಯೂಟ್ರಲ್ ಮಾಡಿಯೂ ನೋಡಬಹುದು, ಆದರೆ ಇಂಜಿನ್ ಆರಿಸಬಾರದು, ಇಳಿಜಾರಿನಲ್ಲಿ ಅಂತೂ ಬೇಡವೇ ಬೇಡ. ಆಕ್ಸಿಲರೇಟರ್ ಒತ್ತಿ ಎಳೆಯುವಾಗ ಹೆಚ್ಚಾಗಿ ಬಿಟ್ಟಾಗ ಕಡಿಮೆಯಾದರೆ ಕೋನದ ಮೇಲೆ ಅನುಮಾನ. ಒತ್ತಿದರೂ ಬಿಟ್ಟರೂ ಒಂದೇ ಸಮ ಇದ್ದರೆ ಸಮತೋಲದ ಮೇಲೆ. ಹಿಂದಿನ ಜೋಡಿ ಟೈರುಗಳ ನಡುವೆ ಕಲ್ಲು ಸಿಕ್ಕಿಕೊಂಡಿದೆಯೇ ಎಂದೂ ಬಗ್ಗಿ ನೋಡಿ. ನಗಬೇಡಿ, ಸಿಗುತ್ತದೆ.

ಮಣ್ಣಿನ ಲೆಕ್ಕ ಹೀಗೆ. ಕೊಳವೆಯ ಮಧ್ಯದಿಂದ 50 ಮಿ.ಮೀ. ದೂರದಲ್ಲಿ ಒಂದೇ ಪಕ್ಕಕ್ಕೆ 50 ಗ್ರಾಂ ಹೆಚ್ಚಿದ್ದರೆ 1,500 ಆರ್‌ಪಿಎಂನಲ್ಲಿ ಅದು 6 ಕೆ.ಜಿ.ಯಷ್ಟು ಬಲದಿಂದ ಜಗ್ಗುತ್ತದೆ. 3,000ಕ್ಕೆ ಏರಿದರೆ 25 ಕೆ.ಜಿ. ಮುಷ್ಟಿಯಷ್ಟು ಎರೆ ಮಣ್ಣು 50 ಗ್ರಾಂಗಿಂತ ಎಷ್ಟೋ ಹೆಚ್ಚು ತೂಗುತ್ತದೆ. ಹಾಗಾಗಿ ಮೊದಲ ರಿಪೇರಿ ನೀರು ಮತ್ತು ಮರದ ಚೂರಿನಿಂದ ಕೆರೆಯುವುದು. ಕೆರೆಯುವಾಗ ಕೊಳವೆಗೆ ವೆಲ್ಡ್ ಮಾಡಿದ ಸಣ್ಣ ಚೌಕ ತಗಡುಗಳನ್ನು ಕಿತ್ತುಬಿಡಬೇಡಿ, ಅವು ಬ್ಯಾಲೆನ್ಸ್ ತೂಕಗಳು. ಒಂದು ಉದುರಿದ ಕಲೆ ಕಂಡರೆ ಅದೇ ನಿಮ್ಮ ಉತ್ತರ. ಸರ್ವೀಸ್ ಸ್ಟೇಷನ್ನಿನ ಜೋರು ನೀರನ್ನು ಕ್ರಾಸಿನ ಸೀಲಿಗೆ ನೇರವಾಗಿ ಹಿಡಿಸಬೇಡಿ.

ಕ್ರಾಸ್ ಬದಲಿಸುವಾಗ ನಮ್ಮ ಕಡೆ ನಡೆಯುವ ಕೆಟ್ಟ ಕೆಲಸ ಎಂದರೆ ಸುತ್ತಿಗೆ. ಬಡಿದಾಗ ಕ್ರಾಸಿನ ತುದಿಗೆ ಕೂರುವ ಕಪ್ಪಿನೊಳಗಿನ ಒಂದು ಸೂಜಿ ರೋಲರ್ ಅಡ್ಡ ಬಿದ್ದು ತಳದಲ್ಲಿ ಕೂರುತ್ತದೆ. ಕಪ್ ಪೂರ್ತಿ ಇಳಿಯದು, ಕಪ್ಪನ್ನು ತಡೆದು ಹಿಡಿಯುವ ಉಂಗುರ, ಸರ್ಕ್ಲಿಪ್, ತನ್ನ ಗ್ರೂವಿನಲ್ಲಿ ಕೂರದು. ಆಗ ಇನ್ನೂ ಜೋರಾಗಿ ಬಡಿದು ಯೋಕಿನ ಕಿವಿ ಬಗ್ಗಿಸುತ್ತಾರೆ, ಇಲ್ಲವೇ ಸರ್ಕ್ಲಿಪ್ಪನ್ನೇ ಗ್ರೈಂಡರಿಗೆ ಹಿಡಿದು ತೆಳುಮಾಡುತ್ತಾರೆ. ಎರಡೂ ಒಂದೇ ಕಡೆ ಮುಟ್ಟಿಸುತ್ತವೆ: ಕ್ರಾಸ್ ಮಧ್ಯದಲ್ಲಿ ನಿಲ್ಲುವುದಿಲ್ಲ. ಒಂದು ತುದಿಗೆ ಬೀಳುವ ಶಾಫ್ಟಿನ ತೂಕ 15 ಕೆ.ಜಿ. ಇದ್ದು, ಅದು 0.2 ಮಿ.ಮೀ. ಸರಿದರೂ ಆಗಲೇ ಹೇಳಿದ 50 ಮಿ.ಮೀ. ದೂರಕ್ಕೆ 60 ಗ್ರಾಂ ಅಂಟಿಸಿದ ಹಾಗೆ. ರೋಲರ್‌ಗಳನ್ನು ಗ್ರೀಸಿನಲ್ಲಿ ಅಂಟಿಸಿ, ವೈಸಿನಲ್ಲಿ ಸಾಕೆಟ್ ಇಟ್ಟು ಮೆಲ್ಲಗೆ ಒತ್ತಿ. ಎದುರುಬದುರಿನ ಎರಡು ಸರ್ಕ್ಲಿಪ್ ಒಂದೇ ದಪ್ಪ ಇರಬೇಕು. ಮುಗಿದ ಮೇಲೆ ಕ್ರಾಸ್ ಬೆರಳಿನ ಬಲಕ್ಕೆ ಎಲ್ಲ ಕಡೆ ಒಂದೇ ಸಮ ಆಡಬೇಕು, ಎಲ್ಲೂ ಲಟಕ್ ಅನ್ನಬಾರದು. ಇಪಿ-2 ಲಿಥಿಯಂ ಗ್ರೀಸನ್ನು ನಾಲ್ಕೂ ಕಪ್ಪಿನ ಸೀಲಿನಿಂದ ಹೊರಗೆ ಇಣುಕುವವರೆಗೆ ಒತ್ತಿ. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಸಾಯುವುದು ಆ ನಾಲ್ಕನೆಯದೇ. ಆ ಕಪ್ಪನ್ನು ಕೊಂಚ ಸಡಿಲಿಸಿ ಮತ್ತೆ ಒತ್ತಿ.

ಶಾಫ್ಟಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡ. ಕಾದ ಪಕ್ಕಕ್ಕೆ ಕೊಳವೆ ಬಾಗುತ್ತದೆ, ಅರ್ತ್ ದೂರದಲ್ಲಿ ಹಿಡಿಸಿದ್ದರೆ ಕರೆಂಟು ಕ್ರಾಸಿನ ರೋಲರ್‌ಗಳ ಮೂಲಕವೇ ಹರಿದು ಚುಕ್ಕೆ ಸುಡುತ್ತದೆ. ಡಯಲ್ ಗೇಜಿನಲ್ಲಿ ಕೊಳವೆಯ ನಡುವೆ ಅರ್ಧ ಮಿ.ಮೀ.ಗಿಂತ ಹೆಚ್ಚು ಆಟ ಕಂಡರೆ ಬ್ಯಾಲೆನ್ಸಿಂಗ್ ಯಂತ್ರ ಇರುವ ಕಡೆಗೆ ಒಯ್ಯಿರಿ. ಹೋಸ್ ಕ್ಲಿಪ್ ಕಟ್ಟಿ ತಿರುಗಿಸಿ ಸಮತೋಲ ಹುಡುಕುವ ಉಪಾಯ ಕಾರಿಗೆ ನಡೆಯುತ್ತದೆ. ಲಾರಿಯ ಕೆಳಗೆ, ತಿರುಗುವ ಶಾಫ್ಟಿನ ಪಕ್ಕದಲ್ಲಿ, ಮನೆ ಶೆಡ್ಡಿನಲ್ಲಿ ಅದನ್ನು ಮಾಡಬಾರದು.

ಕಮಾನಿನ ಕಥೆಗೆ ಬಂದರೆ: 2018ರಲ್ಲಿ ಎರಡು ಆಕ್ಸಲ್ ಗಾಡಿಯ ಒಟ್ಟು ತೂಕದ ಮಿತಿ 16.2 ಟನ್ನಿನಿಂದ 18.5 ಟನ್ನಿಗೆ ಏರಿತು. ಆದರೆ ಪಟ್ಟಿ ಸೇರಿಸುವ ಚಟ ಅದಕ್ಕಿಂತ ಹಳೆಯದು, ಅದಿರಿನ ಜೊತೆ ಬಂದದ್ದು. ವೀಲ್‌ಬೇಸ್ 4.2 ಮೀಟರ್ ಇರುವ ಗಾಡಿಯ ಹಿಂಭಾಗ 75 ಮಿ.ಮೀ. ಮೇಲೆದ್ದರೆ ಚಾಸಿ ಮುಂದಕ್ಕೆ 1 ಡಿಗ್ರಿ ವಾಲುತ್ತದೆ, ಗೇರ್ ಬಾಕ್ಸೂ ಅದರ ಜೊತೆ. ಪಿನಿಯನ್ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಒಂದೂವರೆ ಮೀಟರಿನ ಹಿಂದಿನ ಶಾಫ್ಟ್ ಇನ್ನೂ ಸುಮಾರು 2 ಡಿಗ್ರಿ ಇಳಿಜಾರಾಗುತ್ತದೆ. ಖಾಲಿ ಗಾಡಿ ನಡುಗಿ ಲೋಡಿನ ಗಾಡಿ ಸುಮ್ಮನಿರುವುದು ಇದರಿಂದ. ಸಮತಟ್ಟು ನೆಲದಲ್ಲಿ, ಗಾಲಿಗಳ ಮೇಲೆ ನಿಂತ ಗಾಡಿಯಲ್ಲಿ, ಡಿಜಿಟಲ್ ಕೋನಮಾಪಕದಿಂದ ಗೇರ್ ಬಾಕ್ಸಿನ ಫ್ಲ್ಯಾಂಜ್, ಎರಡು ಕೊಳವೆ, ಪಿನಿಯನ್ ಫ್ಲ್ಯಾಂಜ್ ಅಳೆಯಿರಿ, ಖಾಲಿ ಒಮ್ಮೆ, ಲೋಡಿನಲ್ಲಿ ಒಮ್ಮೆ. ಹಿಂದಿನ ಶಾಫ್ಟಿನ ಎರಡು ತುದಿಯ ಕೋನಗಳ ವ್ಯತ್ಯಾಸ 1 ಡಿಗ್ರಿಯೊಳಗಿರಲಿ. ಆದರೆ ಕೋನವನ್ನೇ ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ. ಅರ್ಧ ಡಿಗ್ರಿಯಾದರೂ ಇಲ್ಲದಿದ್ದರೆ ರೋಲರ್‌ಗಳು ಆಡದೆ ಒಂದೇ ಜಾಗದಲ್ಲಿ ಗೀರು ಬಿಡುತ್ತವೆ.

ಆ ಲಾರಿಯಲ್ಲಿ ಪರೀಕ್ಷೆಯೇ ದಾರಿ ತಪ್ಪಿಸಿತು. ಚಾಸಿಗೆ ಜಾಕ್ ಕೊಟ್ಟು ಎತ್ತಿ, ಹೌಸಿಂಗ್ (ಹಿಂದಿನ ಆಕ್ಸಲ್ಲಿನ ಕವಚ) ಜೋತುಬಿದ್ದ ಸ್ಥಿತಿಯಲ್ಲಿ ಟಾಪ್ ಗೇರಿನಲ್ಲಿ ಓಡಿಸಿದರು. ಜೋತಾಗ ಕೋನ ರಸ್ತೆಯಲ್ಲಿ ಎಂದೂ ಬಾರದಷ್ಟು ಹೆಚ್ಚಾಗಿ ಸೆಂಟರ್ ಬೇರಿಂಗ್ ಕುಣಿಯಿತು, ಅದನ್ನೇ ಅಪರಾಧಿ ಮಾಡಿದರು. ಎತ್ತಲೇಬೇಕಾದರೆ ಸ್ಟ್ಯಾಂಡ್ ಹೌಸಿಂಗಿನ ಕೆಳಗೆ ಇರಬೇಕು. ಒಂದು ಪಕ್ಕದ ಗಾಲಿ ನಿಂತಿದ್ದರೆ ಇನ್ನೊಂದು ಮೀಟರಿನ ವೇಗಕ್ಕಿಂತ ಎರಡರಷ್ಟು ತಿರುಗುತ್ತದೆ ಎಂಬುದೂ ನೆನಪಿರಲಿ.

ಜೋಡಿಸುವಾಗ ಫ್ಲ್ಯಾಂಜಿನ ಮುಖಗಳಲ್ಲಿ ಪೇಂಟು, ತುಕ್ಕು, ಒಂದು ಕಣ ಅದಿರಿನ ಧೂಳೂ ಇರಬಾರದು. ತಲೆಯ ಮೇಲೆ 10.9 ಅಂತ (ಬೋಲ್ಟಿನ ಗಟ್ಟಿತನದ ದರ್ಜೆ) ಇರುವ ಬೋಲ್ಟಿನ ಜಾಗಕ್ಕೆ ಸಂತೆಯ ಬೋಲ್ಟ್ ಹಾಕಬೇಡಿ. ಮುಂದಿನ ತುದಿ ಕಳಚಿ ರಸ್ತೆಗೆ ಊರಿದರೆ ಗಾಡಿಯನ್ನೇ ಎತ್ತಿ ಎಸೆಯುತ್ತದೆ. ಲಾಕ್ ನಟ್ ಹೊಸದೇ ಹಾಕಿ. ಪಿನಿಯನ್ ನಟ್ಟಿಗೆ ಪೈಪ್ ಹಾಕಿ ಬಿಗಿಯಬೇಡಿ, ಬೇರಿಂಗಿನ ಪ್ರಿಲೋಡ್ (ಮೊದಲೇ ಹೊಂದಿಸಿದ ಬಿಗಿತ) ಕೆಡುತ್ತದೆ. ಕಮಾನು ಬಿಚ್ಚಿದ್ದರೆ ಯೂ ಬೋಲ್ಟ್ ಹೊಸದು. 100 ಕಿ.ಮೀ. ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಲ್ಲಿ ನೋಡಿ.

ಆ ಲಾರಿಗೆ ಕೊನೆಗೆ ಮಾಡಿದ್ದು ಇಷ್ಟೇ: ಮಣ್ಣು ಕೆರೆದರು, ಎರಡು ಪಟ್ಟಿ ತೆಗೆದರು, ಸ್ಲಿಪ್ ಜಾಯಿಂಟನ್ನು ಒಂದು ಹಲ್ಲು ತಿರುಗಿಸಿದರು. ಅರ್ಧ ದಿನದ ಕೆಲಸ. ಖರ್ಚು ಬಂದದ್ದು ಗೇರ್ ಬಾಕ್ಸಿನ ಹಿಂದಿನ ಕವರಿಗೆ.