ಮಗಳ ಸಿಬಿಲ್‌ಗಾಗಿ ಮೂರು ದಾರಿ ನೋಡಿದೆ

ಡೊಂಬಿವಲಿಯಲ್ಲಿ ಮನೆ ಕೊಳ್ಳುವಾಗ ಬ್ಯಾಂಕಿನವರು ನಮ್ಮ ಯಜಮಾನರ ಸಿಬಿಲ್, ಅಂದರೆ ಸಾಲ ತೆಗೆದು ತೀರಿಸಿದ ದಾಖಲೆ, ತೆಗೆದು ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಇಪ್ಪತ್ತು ವರ್ಷ ಹೋಟೆಲ್ ನಡೆಸಿದವರು, ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವರಲ್ಲ. ಆದರೆ ಸಾಲವನ್ನೇ ಮಾಡದವರಿಗೆ ತೀರಿಸಿದ ದಾಖಲೆ ಎಲ್ಲಿಂದ ಬರಬೇಕು? ಆಗಿನ ಓಡಾಟ ಮಕ್ಕಳಿಗೆ ಬೇಡವೆಂದು ಮೂರು ದಾರಿ ಹಿಡಿದು ನೋಡಿದೆ.

ಮೊದಲು, ಮಗಳಿಗೆ ಹತ್ತು ತುಂಬಿದಾಗ ಉಳಿತಾಯ ಖಾತೆ. ಹತ್ತು ದಾಟಿದ ಮಕ್ಕಳು ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ 2014ರಲ್ಲೇ ಅವಕಾಶ ಕೊಟ್ಟಿದೆ. ಕೌಂಟರ್ ಎಟುಕದೆ ತುದಿಗಾಲಲ್ಲಿ ನಿಂತು ಚಲನ್ ಬರೆಯುತ್ತಿದ್ದಳು. ಹಣದ ಶಿಸ್ತು ಬಂತು, ಅದು ಸಣ್ಣದಲ್ಲ. ಆದರೆ ಉಳಿತಾಯ ಸಿಬಿಲ್‌ಗೆ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಸಾಲ ಮತ್ತು ಕಾರ್ಡಿನ ಲೆಕ್ಕ. 1872ರ ಕರಾರು ಕಾಯ್ದೆಯ ಪ್ರಕಾರ ಅಪ್ರಾಪ್ತರ ಕರಾರಿಗೆ ಬೆಲೆಯಿಲ್ಲ, ಹಾಗಾಗಿ ಹದಿನೆಂಟಕ್ಕೆ ಮುಂಚೆ ಅವಳ ಹೆಸರಲ್ಲಿ ಸಾಲವೂ ಇಲ್ಲ, ದಾಖಲೆಯೂ ಇಲ್ಲ.

ಹದಿನೆಂಟಾದ ಮೇಲೆ ನನ್ನ ಕ್ರೆಡಿಟ್ ಕಾರ್ಡಿಗೇ ಆಡ್-ಆನ್, ಅಂದರೆ ನನ್ನ ಖಾತೆಯ ಮೇಲೆಯೇ ಅವಳಿಗೊಂದು ಹೆಚ್ಚುವರಿ ಕಾರ್ಡ್, ಮಾಡಿಸಿಕೊಟ್ಟೆ. ಸುಲಭ, ನಿಜ. ಆದರೆ ಗಣಪತಿ ಹಬ್ಬದ ಗಡಿಬಿಡಿಯಲ್ಲಿ ಒಂದು ಬಿಲ್ ಕಟ್ಟಲು ತಡವಾಗಿ ನನ್ನ ಸ್ಕೋರ್, ಅಂದರೆ ಆ ದಾಖಲೆ ನೋಡಿ ಸಿಬಿಲ್ ಕೊಡುವ ಅಂಕ, 790ರಿಂದ 741ಕ್ಕೆ ಇಳಿಯಿತು. ಅವಳ ರಿಪೋರ್ಟ್ ತೆಗೆದರೆ 'ಎನ್‌ಎಚ್', ಅಂದರೆ ಇತಿಹಾಸವೇ ಇಲ್ಲ! ಖರ್ಚು ಅವಳದಾದರೂ ಲೆಕ್ಕವೆಲ್ಲ ನನ್ನ ಹೆಸರಿಗೆ. ದಾಖಲೆ ಕಟ್ಟಲು ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೈಹಿಡಿದದ್ದು ಎಫ್‌ಡಿ ಮೇಲಿನ, ಅಂದರೆ ಬ್ಯಾಂಕಿನಲ್ಲಿಟ್ಟ ನಿಶ್ಚಿತ ಠೇವಣಿಯ ಭದ್ರತೆಯ ಮೇಲೆ ಕೊಡುವ ಕ್ರೆಡಿಟ್ ಕಾರ್ಡ್. ಅವಳ ಹೆಸರಲ್ಲಿ 25,000 ರೂಪಾಯಿ ಇಟ್ಟೆವು, 20,000ದ ಮಿತಿ ಸಿಕ್ಕಿತು. ಸಂಬಳದ ಚೀಟಿ ಕೇಳಲಿಲ್ಲ, ಎಫ್‌ಡಿಗೆ ಬಡ್ಡಿಯೂ ಬರುತ್ತದೆ. ಕಟ್ಟದಿದ್ದರೆ ಬ್ಯಾಂಕು ಆ ಎಫ್‌ಡಿಯನ್ನೇ ಮುರಿದುಕೊಳ್ಳುತ್ತದೆ, ಅದನ್ನು ಮೊದಲೇ ಅವಳಿಗೆ ಬಿಡಿಸಿ ಹೇಳಿದೆ. ಮೊದಲ ದಿನ ವಾಪಸ್ ಕಳಿಸಿದರು: ಚಿಕ್ಕವಳಿದ್ದಾಗ ಮಾಡಿಸಿದ ಪ್ಯಾನ್ ಕಾರ್ಡಿನಲ್ಲಿ ಫೋಟೋ ಇರಲಿಲ್ಲ! ಮೈನರ್ ಪ್ಯಾನ್ ಇರುವುದೇ ಹಾಗೆ, ಹದಿನೆಂಟಾದ ಮೇಲೆ ಫೋಟೋ, ಸಹಿ ಸೇರಿಸಲು ಅರ್ಜಿ ಹಾಕಬೇಕು.

ಮಾಟುಂಗಾ ಕಾಲೇಜಿಗೆ ಹೋಗುವ ಲೋಕಲ್ ರೈಲಿನ ಪಾಸ್, ಮೊಬೈಲ್ ರೀಚಾರ್ಜ್, ಪುಸ್ತಕ, ಇಷ್ಟೇ ಆ ಕಾರ್ಡಿನಲ್ಲಿ. ತಿಂಗಳಿಗೆ ನಾಲ್ಕೈದು ಸಾವಿರ ದಾಟಲು ಬಿಡಲಿಲ್ಲ. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಅಂತ ಇರುತ್ತದಲ್ಲ, ಅದನ್ನಷ್ಟೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಏರುತ್ತದೆ. ಪೂರ್ತಿ ಕಟ್ಟುವುದೇ ನಮ್ಮ ಮನೆಯ ನಿಯಮ. ಎಂಟು ತಿಂಗಳಿಗೆ ಅವಳ ಸ್ಕೋರ್ 748. "ಅಮ್ಮಾ, ಅಪ್ಪನಿಗಿಲ್ಲದ್ದು ನನಗೆ ಬಂತು" ಅಂದಾಗ ಯಜಮಾನರ ಮುಖ ನೋಡಬೇಕಿತ್ತು, ಅಷ್ಟು ಖುಷಿ.

ಶಿಕ್ಷಣ ಸಾಲವೂ ಮಕ್ಕಳ ಹೆಸರಲ್ಲಿ ದಾಖಲಾಗುತ್ತದೆ. ಫೀಸಿಗೆ ಬೇಕಾದವರು ತೆಗೆದುಕೊಳ್ಳಲಿ, ಸ್ಕೋರಿಗೋಸ್ಕರ ಸಾಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮಗನಿಗೆ ಈಗ ಹನ್ನೆರಡು. ಹದಿನೆಂಟು ತುಂಬಿದ ವಾರವೇ ಅವನ ಪ್ಯಾನ್ ಅರ್ಜಿ ಹಾಕಿಸುತ್ತೇನೆ. ಅಲ್ಲಿಯವರೆಗೆ ಪಾಸ್‌ಬುಕ್ ಅವನ ಕೈಯಲ್ಲೇ ಇರುತ್ತದೆ.