ಪಿಗ್ಮಿ, ಆರ್‌ಡಿ, ಚೀಟಿ, ಎಸ್‌ಐಪಿ: ಶಿವಮೊಗ್ಗದ ಮೂರು ವರ್ಷದಲ್ಲಿ ಹಾಕಿ ನೋಡಿದ್ದು

ರಿಪ್ಪನ್‌ಪೇಟೆ ಹತ್ತಿರದ ನಮ್ಮ ಮನೆಯಲ್ಲಿ ತಿಂಗಳ ಲೆಕ್ಕ ಅನ್ನೋದೇ ಇರಲಿಲ್ಲ. ಇದ್ದದ್ದು ವರ್ಷದ ಲೆಕ್ಕ. ಅಡಿಕೆ ಕೊನೆ ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿ, ಶಿವಮೊಗ್ಗದ ಮಂಡಿಗೆ ಹಾಕಿದ ಮೇಲೆ ದುಡ್ಡು. ಅದರಲ್ಲಿ ಸೊಸೈಟಿ ಸಾಲ, ಗೊಬ್ಬರದ ಬಾಕಿ, ಅಂಗಡಿ ಬಾಕಿ ತೀರಿ ಉಳಿದದ್ದು ನಮ್ಮದು. ಏನು ಕೇಳಿದರೂ ಅಪ್ಪಯ್ಯ ಹೇಳುತ್ತಿದ್ದದ್ದು ಒಂದೇ ಮಾತು, "ಅಡಿಕೆ ಕೊಟ್ಮೇಲೆ ನೋಡಾಣ." 2023ರಲ್ಲಿ ಬಿ.ಕಾಂ.ಗೆ ಶಿವಮೊಗ್ಗಕ್ಕೆ ಬಂದೆ. ಮನೆಯಿಂದ ತಿಂಗಳಿಗೆ 4,000 ರೂ., ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯ ಸಂಜೆ ಕೆಲಸಕ್ಕೆ 2,500. ಎರಡೂ 20ನೇ ತಾರೀಕಿಗೆ ಖಾಲಿ. ವರ್ಷದ ದುಡ್ಡಿನಲ್ಲಿ ಬೆಳೆದವರಿಗೆ ತಿಂಗಳ ದುಡ್ಡು ಹಿಡಿಯಲು ಬರುವುದಿಲ್ಲ. ಅದನ್ನು ಕಲಿಯುವುದಕ್ಕೇ ಈ ನಾಲ್ಕನ್ನೂ ಮಾಡಿ ನೋಡಿದೆ.

ಮೊದಲು ಹಿಡಿದದ್ದು ಪಿಗ್ಮಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು 1928ರಲ್ಲಿ ಕರಾವಳಿಯಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಕೂಡಿಸಲು ಶುರುಮಾಡಿದ ಪದ್ಧತಿ ಇದು. ಘಟ್ಟ ಹತ್ತಿ ನಮ್ಮ ಪೇಟೆಗಳಿಗೆಲ್ಲ ಬಂದು ಕೂತಿದೆ. ನಮ್ಮ ಅಂಗಡಿಗೆ ಒಂದು ಸಹಕಾರ ಸಂಘದ ಪಿಗ್ಮಿಯವರು ಸಂಜೆ ಆರೂವರೆಗೆ ಬರುತ್ತಿದ್ದರು. ಜಡಿಮಳೆ ಹಿಡಿದ ದಿನವೂ ಮಷೀನಿಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಂದವರು. ನನ್ನದು ದಿನಕ್ಕೆ 50 ರೂ. ಗೋಬಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಆ ಐವತ್ತು ಅವರ ಕೈ ಸೇರುತ್ತಿತ್ತು. ಇಲ್ಲ ಅಂದ ದಿನ, "ಇಪ್ಪತ್ತಾದ್ರೂ ಸರಿ, ಕೈ ಬಿಡ್ಬೇಡಮ್ಮ" ಅನ್ನೋರು.

ಆ ಮಷೀನಿನಿಂದ ಬರುವ ರಸೀದಿಯನ್ನು ಒಂದೂ ಬಿಡದೆ ಜಾಮೆಟ್ರಿ ಬಾಕ್ಸಿನಲ್ಲಿ ಇಡುತ್ತಿದ್ದೆ. ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಆಗಸ್ಟಿನವು ಬರೀ ಬಿಳಿ ಕಾಗದ, ಒಂದಂಕಿಯೂ ಉಳಿದಿಲ್ಲ. ಅವತ್ತಿನಿಂದ ದಿನದ ಮೊತ್ತವನ್ನು ನೂರು ಪುಟದ ನೋಟ್‌ಬುಕ್ಕಿಗೆ ಬರೆಯತೊಡಗಿದೆ. ಪಿಗ್ಮಿಯ ಪಕ್ಕದಲ್ಲೇ ಆ ದಿನದ ಖರ್ಚನ್ನೂ ಬರೆದೆ. ರಿಪ್ಪನ್‌ಪೇಟೆಗೆ ಹೋಗಿಬರುವ ಬಸ್ ಚಾರ್ಜು, ರೀಚಾರ್ಜು, ಗೆಳತಿಯ ಹುಟ್ಟುಹಬ್ಬ. ತಿಂಗಳ ಮೊದಲ ಹತ್ತು ದಿನದಲ್ಲೇ ಅರ್ಧಕ್ಕಿಂತ ಹೆಚ್ಚು ಹೋಗುತ್ತಿದೆ ಅನ್ನೋದು ಆ ಪುಟಗಳಲ್ಲಿ ಕಂಡಿತು. ಫೋನಿನ ಆ್ಯಪ್‌ನಲ್ಲೂ ಬರೆದು ನೋಡಿದೆ, ಎರಡು ವಾರಕ್ಕೆ ನಿಂತುಹೋಯಿತು.

ಬಡ್ಡಿಯ ಲೆಕ್ಕದಲ್ಲಿ ಮಾತ್ರ ಪಿಗ್ಮಿ ನಾಲ್ಕರಲ್ಲೂ ಹಿಂದೆ. ಐದು ತಿಂಗಳಿಗೆ 6,500 ರೂ. ಆಗಿತ್ತು. ಪರೀಕ್ಷೆ ಶುಲ್ಕಕ್ಕೆಂದು ಮುರಿದಾಗ ಬಡ್ಡಿ ಇಲ್ಲ, ಮೇಲಿಂದ ಶೇ 3 ಕಡಿತ. ಕೈಗೆ ಬಂದದ್ದು 6,305. ವರ್ಷದೊಳಗೆ ಮುರಿದರೆ ಹೀಗಾಗುತ್ತದೆಂದು ಸೇರಿಸಿಕೊಳ್ಳುವಾಗ ಯಾರೂ ಹೇಳಲಿಲ್ಲ. ಇದು ಹೇಳಲೇಬೇಕಾದ ಮಾತು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, 5 ಲಕ್ಷ ರೂ.ವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಅದು ಇಲ್ಲ. ಬೋರ್ಡಿನ ಮೇಲೆ 'ಬ್ಯಾಂಕ್' ಅಂತಿದೆಯೋ 'ಸಂಘ' ಅಂತಿದೆಯೋ ನೋಡಿಯೇ ದುಡ್ಡು ಕೊಡಿ.

2024ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಆರ್‌ಡಿ, ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ, ತೆರೆದೆ. ತಿಂಗಳಿಗೆ 100 ರೂ.ಯಿಂದಲೂ ಕಟ್ಟಬಹುದು, ನನ್ನದು 500. ಬಡ್ಡಿ ಶೇ 6.7, ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ಐದು ವರ್ಷದಲ್ಲಿ ಕಟ್ಟುವ 30,000ಕ್ಕೆ ಸುಮಾರು 35,680 ಬರುತ್ತದೆ. ತಿಂಗಳ 15ರೊಳಗೆ ತೆರೆದದ್ದರಿಂದ ಪ್ರತಿ ಕಂತೂ 15ರೊಳಗೆ. ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ. ಒಂದೇ ಸಲ ಐದು ರೂಪಾಯಿ ಕಟ್ಟಿದ್ದೇನೆ; ಅಲ್ಲಿಂದಾಚೆ ಮನೆಯ ದುಡ್ಡು ಬಂದ ದಿನವೇ ಕಂತು ಕಟ್ಟುವುದು ರೂಢಿಯಾಯಿತು. ಉಳಿದದ್ದನ್ನು ಉಳಿಸುವುದಲ್ಲ, ಮೊದಲು ಎತ್ತಿಟ್ಟು ಉಳಿದದ್ದರಲ್ಲಿ ನಡೆಸುವುದು ನನಗೆ ಬಂದದ್ದು ಇಲ್ಲಿ.

ಆದರೆ ವಿದ್ಯಾರ್ಥಿಗೆ ಇದರಲ್ಲಿ ಒಂದು ತೊಡಕಿದೆ. ಡಿಗ್ರಿ ಮೂರು ವರ್ಷ, ಆರ್‌ಡಿ ಐದು ವರ್ಷ. ಮೂರು ವರ್ಷಕ್ಕಿಂತ ಮೊದಲು ಮುಚ್ಚಲಾಗದು. ಅದಾದ ಮೇಲೆ ಅವಧಿಗೆ ಮುಂಚೆ ಮುಚ್ಚಿದರೆ ಉಳಿತಾಯ ಖಾತೆಯ ಶೇ 4 ಬಡ್ಡಿಯಷ್ಟೇ. ಹನ್ನೆರಡು ಕಂತು ಕಟ್ಟಿದ ಮೇಲೆ ಖಾತೆಯಲ್ಲಿರುವುದರ ಅರ್ಧದಷ್ಟು ಸಾಲ ಸಿಗುತ್ತದೆ, ಆರ್‌ಡಿ ಬಡ್ಡಿಗಿಂತ ಶೇ 2 ಹೆಚ್ಚಿಗೆ. ನನಗೆ ಅದರ ಅಗತ್ಯ ಬಿದ್ದಿಲ್ಲ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದರೆ ಖಾತೆಯನ್ನು ಅಲ್ಲಿನ ಅಂಚೆ ಕಚೇರಿಗೆ ವರ್ಗಾಯಿಸಬಹುದು, ಹಾಗೇ ಮುಂದುವರಿಸುತ್ತೇನೆ.

ಚೀಟಿ ನಡೆಸಿದ್ದು ಪಿಜಿಯ ನಾವು ಹತ್ತು ಜನ. ತಲಾ 500, ಹತ್ತು ತಿಂಗಳು. ಪ್ರತಿ ತಿಂಗಳು ಕೂಡಿದ 5,000ದಲ್ಲಿ ಹೆಚ್ಚು ಬಿಟ್ಟುಕೊಡುತ್ತೇನೆಂದು ಕೂಗಿದವರು ಉಳಿದದ್ದನ್ನು ಎತ್ತುವುದು. ಎರಡನೇ ತಿಂಗಳಲ್ಲಿ ಒಬ್ಬಳಿಗೆ ತುರ್ತಿತ್ತು. 900 ಬಿಟ್ಟು ಕೂಗಿ 4,100 ಎತ್ತಿದಳು. ಆ 900 ಹತ್ತು ಜನಕ್ಕೆ ಹಂಚಿ ತಲಾ 90 ಬಂತು. ಅವಳಿಗೆ ಅದು ಸಾಲ, ನಮಗೆ ಅದೇ ಬಡ್ಡಿ. ಎರಡೂ ಒಂದೇ ದುಡ್ಡಿನ ಎರಡು ಕಡೆ ಅನ್ನೋದು ಪುಸ್ತಕ ಓದಿದ್ದಕ್ಕಿಂತ ಚೆನ್ನಾಗಿ ತಲೆಗೆ ಹತ್ತಿದ್ದು ಅವತ್ತು. ಏಳು ಕಂತು ಕಟ್ಟಿ ಅವಳು ಪಿಜಿ ಬಿಟ್ಟಳು, ಉಳಿದ ಮೂರು ಬರಲಿಲ್ಲ. ಕೊನೆಯಲ್ಲಿ ಎತ್ತಿದ ನನಗೆ 5,000ದ ಬದಲು 4,500. ನಾನು ಕಟ್ಟಿದ್ದು ಒಟ್ಟು 4,480. ದುಡ್ಡಿಗಿಂತ ಗೆಳೆತನ ಕೆಟ್ಟದ್ದು ಇವತ್ತಿಗೂ ನೋಯುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಾಯಿಸಿದ ಚೀಟಿಗೆ ಜಾಮೀನು ಇರುತ್ತದೆ, ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ. ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ನಮ್ಮದಕ್ಕೆ ಇದ್ದದ್ದು ವಾಟ್ಸ್‌ಆ್ಯಪ್ ಗ್ರೂಪು ಮಾತ್ರ.

ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು, ಶುರುಮಾಡಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಐವತ್ತು ದೊಡ್ಡ ಕಂಪನಿಗಳ ಷೇರು ಸೂಚ್ಯಂಕವಾದ ನಿಫ್ಟಿ 50ಯನ್ನೇ ಅನುಸರಿಸುವ ಇಂಡೆಕ್ಸ್ ಫಂಡಿಗೆ ತಿಂಗಳಿಗೆ 500. ಅದೇ ತಿಂಗಳ ಕೊನೆಗೆ ನಿಫ್ಟಿ 26,200 ದಾಟಿ, ಅಲ್ಲಿಂದ ಐದು ತಿಂಗಳು ಸತತ ಇಳಿಯಿತು. ಫೆಬ್ರವರಿ ಕೊನೆಗೆ ನಾನು ಹಾಕಿದ್ದ 3,000ದ ಬೆಲೆ 2,720ರ ಆಸುಪಾಸಿನಲ್ಲಿತ್ತು. ಹೆದರಿ ಮಾರ್ಚ್, ಏಪ್ರಿಲ್ ನಿಲ್ಲಿಸಿದೆ. ಅಗ್ಗಕ್ಕೆ ಸಿಗುತ್ತಿದ್ದದ್ದು ಆ ಎರಡು ತಿಂಗಳಲ್ಲೇ. ಜೂನ್ ಕೊನೆಗೆ ಹಾಕಿದ್ದಕ್ಕಿಂತ ಮೇಲೆ ಬಂತು. ಮಂಡಿಯಲ್ಲಿ ರಾಶಿ ಅಡಿಕೆಯ ಧಾರಣೆ ಏರಿಳಿಯುವುದನ್ನು ನೋಡುತ್ತಲೇ ಬೆಳೆದ ನನಗೆ ಇದು ಅಷ್ಟು ಹೊಸದಾಗಬಾರದಿತ್ತು. ಏಜೆಂಟರ ಮೂಲಕ ಮಾಡಿಸಿದರೆ ಅವರ ಕಮಿಷನ್ ಪ್ರತಿ ವರ್ಷ ನಿಮ್ಮ ಫಂಡಿನಿಂದಲೇ ಹೋಗುತ್ತದೆ, ಏಜೆಂಟರಿಲ್ಲದ 'ಡೈರೆಕ್ಟ್' ಅನ್ನೋದನ್ನೇ ಆರಿಸಿ.

ತಂಗಿ ಈ ಜೂನ್‌ಗೆ ಸಾಗರದಲ್ಲಿ ಡಿಗ್ರಿ ಸೇರುತ್ತಾಳೆ. ಅವಳಿಗೆ ಹೇಳಿರುವುದು ಇಷ್ಟು: ಮೊದಲ ದಿನದಿಂದ ನೋಟ್‌ಬುಕ್, ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ, ಏಕೆಂದರೆ ಶುಲ್ಕ ಕಟ್ಟುವುದು ವರ್ಷಕ್ಕೊಮ್ಮೆ. ಕೈಯಲ್ಲಿ ದಿನಾ ದುಡ್ಡು ಓಡಾಡುವ ಕೆಲಸ ಸಿಕ್ಕರೆ ಮಾತ್ರ ಪಿಗ್ಮಿ, ಅದೂ ನಿಯಮದ ಹಾಳೆ ಓದಿದ ಮೇಲೆ. ಐದು ವರ್ಷ ಬೇಕಾಗದ ದುಡ್ಡು ಇದ್ದರೆ ಎಸ್‌ಐಪಿ. ಗೆಳತಿಯರ ಚೀಟಿ ಬೇಡವೇ ಬೇಡ. ಅಪ್ಪಯ್ಯನಿಗೂ ಒಂದು ಮಾತು ಹೇಳಿದ್ದೇನೆ. ಅಡಿಕೆ ದುಡ್ಡು ಬಂದ ಕೂಡಲೇ ಅವಳ ವರ್ಷದ ಖರ್ಚನ್ನು ಬೇರೆ ಖಾತೆಗೆ ಹಾಕಿ, ಅಲ್ಲಿಂದ ಪ್ರತಿ 1ನೇ ತಾರೀಕು 4,000 ತಾನಾಗಿ ಅವಳಿಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಬರೆದುಕೊಡಾಣ ಅಂತ. ಫಾರಂ ತುಂಬಿ ಮನೆಯಲ್ಲಿಟ್ಟು ಬಂದಿದ್ದೇನೆ. ಈ ವರ್ಷದ ಅಡಿಕೆ ಇನ್ನೂ ಮಂಡಿಯಲ್ಲೇ ಇದೆ.